ಕಾಳಿಂಗನಿಗೂ ಒಂದು ಮನೆ



ಕಾಳಿಂಗ ಮರ್ದನದ ಕಥೆ ನಮಗೆಲ್ಲ ಗೊತ್ತು. ಯಮುನೆಯ ಮಡುವಿನಲ್ಲಿ ಬಾಲಕೃಷ್ಣ ಹೆಡೆಯ ಮೇಲೆ ಕುಣಿದ. ಆದರೆ ಕೊಂದನೇ? ಇಲ್ಲ. ನಾಗಪತ್ನಿಯರು ಬೇಡಿಕೊಂಡಾಗ ಪ್ರಾಣ ಉಳಿಸಿ, ಅವನನ್ನು ಅವನ ಜಾಗವಾದ ರಮಣಕ ದ್ವೀಪಕ್ಕೆ ಕಳಿಸಿದ. ಆ ಮರ್ದನ ಸಂಹಾರವಲ್ಲ, ಇದನ್ನು ಮರೆಯಬಾರದು.

ಅದೇ ಹೆಸರಿನ ಹಾವು ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಾಡಿನಲ್ಲೂ ಇದೆ. ವಿಷದ ಹಾವುಗಳಲ್ಲಿ ಲೋಕದಲ್ಲೇ ಉದ್ದವಾದದ್ದು. 12 ಅಡಿ ದಾಟುವುದುಂಟು. ಹೆಡೆ ಎತ್ತಿದರೂ ನಾಗರಹಾವಿನ ಜಾತಿಯಲ್ಲ. ಕೇರೆ, ನಾಗರ ಮುಂತಾದ ಹಾವುಗಳೇ ಇದರ ಊಟ. 2024ರಲ್ಲಿ ಪಿ. ಗೌರಿಶಂಕರ್ ಮತ್ತು ಸಂಗಡಿಗರು, ಪಶ್ಚಿಮ ಘಟ್ಟದ ಈ ಹಾವು ಬೇರೆಯೇ ಪ್ರಭೇದವೆಂದು ತೋರಿಸಿ, ನಮ್ಮ ಕನ್ನಡದ 'ಕಾಳಿಂಗ' ಎಂಬ ಮಾತನ್ನೇ ಅದರ ಶಾಸ್ತ್ರೀಯ ಹೆಸರಿಗೆ ಸೇರಿಸಿದರು.

ಇನ್ನು ತಾಯಿಯ ವಿಚಾರ ಕೇಳಿ. ಹಾವುಗಳಲ್ಲಿ ಎಲೆ ಒಟ್ಟುಮಾಡಿ ಗೂಡು ಕಟ್ಟುವುದು ಕಾಳಿಂಗ ಮಾತ್ರ. ಮಳೆಗಾಲಕ್ಕೆ ಮುಂಚೆ ಹೆಣ್ಣು ಹಾವು ಮೈಯನ್ನೇ ಸುರುಳಿ ಮಾಡಿ ದರಕು ಎಳೆದು ಗುಡ್ಡೆ ಹಾಕುತ್ತದೆ. ಕೈಯಿಲ್ಲ, ಕಾಲಿಲ್ಲ, ಆದರೂ ಮಳೆಗೆ ಮೊಟ್ಟೆ ನೆನೆಯದ ಹಾಗೆ ಕಟ್ಟುತ್ತದೆ! ಎಲೆಯೊಳಗಿನ ಕಾವಿಗೆ ಎರಡು ಮೂರು ತಿಂಗಳಲ್ಲಿ ಮರಿಯಾಗುತ್ತದೆ. ತಾಯಿ ಗೂಡಿನ ಬಳಿ ಕಾವಲು ಕೂತು, ಮರಿ ಹೊರಬರುವ ಮುಂಚೆ ಹೊರಟುಹೋಗುತ್ತದೆ. ತನ್ನ ಕೆಲಸ ಮುಗಿಸಿತು, ಫಲ ನೋಡಲು ನಿಲ್ಲಲಿಲ್ಲ. ನಿಷ್ಕಾಮ ಕರ್ಮವೆಂದರೆ ಇನ್ನೇನು?

ನಾವೂ ಅದೇ ಬೆಟ್ಟದಲ್ಲಿ ಕೊಟ್ಟಿಗೆಗೆ ದರಕು ಗುಡಿಸುತ್ತೇವೆ. ಆದ್ದರಿಂದ ರಾಶಿ ಕಂಡಕೂಡಲೇ ಕೈ ಹಾಕಬೇಡಿ. ಗೂಡು ಎಂದು ತಿಳಿದರೆ ದೂರ ಸರಿದು, ಅರಣ್ಯ ಇಲಾಖೆಯವರಿಗೆ ತಿಳಿಸಿ. ಹಾವು ಕಂಡರೆ ದಾರಿ ಬಿಡಿ. ಕಲ್ಲು ಹೊಡೆಯುವುದು, ಮೊಬೈಲು ಹಿಡಿದು ಹತ್ತಿರ ಹೋಗುವುದು ಬೇಡ. ಕೆಣಕದಿದ್ದರೆ ಅದು ಸಾಮಾನ್ಯವಾಗಿ ತನ್ನಷ್ಟಕ್ಕೆ ಹೋಗುತ್ತದೆ.

ಕಚ್ಚಿದರೆ ಮಾತ್ರ ಒಂದು ಕ್ಷಣವೂ ತಡ ಸಲ್ಲ. ಈ ವಿಷ ಉಸಿರನ್ನೇ ನಿಲ್ಲಿಸಬಲ್ಲದು. ನಮ್ಮ ದೇಶದ ಸಾಮಾನ್ಯ ಹಾವಿನ ಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲಗಳಿಗೆ ಮಾಡಿದ್ದು, ಕಾಳಿಂಗನಿಗಲ್ಲ. ಉಸಿರಾಟದ ಯಂತ್ರವಿರುವ ದೊಡ್ಡ ಆಸ್ಪತ್ರೆಗೇ ಒಯ್ಯಬೇಕು. ಹರಕೆ, ಪ್ರಾರ್ಥನೆಯನ್ನು ಮನೆಯವರು ಮಾಡಲಿ. ಕಚ್ಚಿಸಿಕೊಂಡವರು ಮೊದಲು ವೈದ್ಯರ ಹತ್ತಿರ ಇರಲಿ.

ನಾಗರಪಂಚಮಿಯಂದು ಕಲ್ಲಿಗೆ ಹಾಲೆರೆದು, ಮಾರನೇ ದಿನ ಜೀವಂತ ಹಾವಿಗೆ ದೊಣ್ಣೆ ಎತ್ತಿದರೆ ಆ ಪೂಜೆ ಯಾರಿಗೆ ಸಲ್ಲುತ್ತದೆ? ಕೃಷ್ಣನು ಕಾಳಿಂಗನಿಗೆ ಜಾಗ ಕೊಟ್ಟ. ಬೆಟ್ಟ ಇಳಿಯುವಾಗ ನಾವೂ ಕೊಡೋಣ.