ಋಣವೋ, ದಾನವೋ?

ಹಿಂದಿನವರು ಮಾಡಿದ ಅನ್ಯಾಯಕ್ಕಾಗಿ ಒಂದು ಸಂಸ್ಥೆಯು ಇಂದು ಹಣವನ್ನು ವ್ಯಯಮಾಡಿದರೆ ಅದನ್ನು ದಾನವೆನ್ನಬೇಕೆ, ಋಣಸಂದಾಯವೆನ್ನಬೇಕೆ? ಹಣ ಒಂದೇ ಆಗಿರುವಾಗ ಹೆಸರು ಯಾವುದಾದರೇನು ಎಂದು ಕೇಳುವವರುಂಟು. ಅಮೆರಿಕದ ಒಂದು ವಿದ್ಯಾಸಂಸ್ಥೆಯಲ್ಲಿ ನಡೆದ ಸಂಗತಿಯನ್ನು ಪರಿಶೀಲಿಸಿದರೆ ಈ ಮಾತು ನಿಲ್ಲಲಾರದು.

ವಾಷಿಂಗ್ಟನ್ ನಗರದ ಜಾರ್ಜ್‌ಟೌನ್ ವಿಶ್ವವಿದ್ಯಾನಿಲಯವು 1789ರಲ್ಲಿ ಸ್ಥಾಪಿತವಾದುದು. ಅದನ್ನು ನಡೆಸುತ್ತಿದ್ದ ಯೇಸುಸಭೆಯ ಪಾದ್ರಿಗಳಿಗೆ ನೆರೆಯ ಮೇರಿಲ್ಯಾಂಡಿನಲ್ಲಿ ಹೊಲತೋಟಗಳಿದ್ದುವು. ಅಲ್ಲಿ ದುಡಿಯುತ್ತಿದ್ದವರು ಆಫ್ರಿಕ ಮೂಲದ ಗುಲಾಮರು. 1838ರಲ್ಲಿ ಈ ಪಾದ್ರಿಗಳು 272 ಮಂದಿಯನ್ನು, ಎಳೆಯ ಕೂಸುಗಳು ಸಹಿತವಾಗಿ, ಸುಮಾರು 1,15,000 ಡಾಲರುಗಳಿಗೆ ದೂರದ ಲೂಸಿಯಾನದ ತೋಟದೊಡೆಯರಿಗೆ ಮಾರಲು ಒಪ್ಪಂದ ಮಾಡಿಕೊಂಡರು. ಕುಟುಂಬಗಳನ್ನು ಅಗಲಿಸಬಾರದು, ಬಂದ ಹಣದಿಂದ ಸಾಲ ತೀರಿಸಬಾರದು ಎಂದು ರೋಮಿನಲ್ಲಿದ್ದ ಸಭೆಯ ಮುಖ್ಯಸ್ಥರು ವಿಧಿಸಿದ್ದರು. ಮಾರಲೇಬೇಡಿರೆಂದು ಮಾತ್ರ ಹೇಳಲಿಲ್ಲ! ಎರಡು ಕಟ್ಟಳೆಗಳೂ ಮುರಿದುವು. ವಿದ್ಯಾಲಯದ ಸಾಲದ ಭಾರ ಇಳಿಯಿತು.

2017ರಲ್ಲಿ ವಿಶ್ವವಿದ್ಯಾನಿಲಯವೂ ಸಭೆಯೂ ಬಹಿರಂಗವಾಗಿ ಕ್ಷಮೆ ಬೇಡಿದುವು. ಮಾರಾಟಪತ್ರದಲ್ಲಿ ಮೊದಲು ಬರುವ ಐಸಾಕ್ ಹಾಕಿನ್ಸನ ಹೆಸರನ್ನು ಒಂದು ಭವನಕ್ಕಿಟ್ಟರು. ವಿದ್ಯಾರ್ಥಿಗಳಿಗೆ ಇಷ್ಟು ಸಾಲದೆಂದು ತೋರಿತು. ಪ್ರತಿಯೊಬ್ಬ ವಿದ್ಯಾರ್ಥಿಯೂ ಅರ್ಧವರ್ಷಕ್ಕೊಮ್ಮೆ 27 ಡಾಲರು 20 ಸೆಂಟುಗಳನ್ನು ಶುಲ್ಕದೊಡನೆ ತೆರತಕ್ಕದ್ದು, ಅದು ಮಾರಲ್ಪಟ್ಟವರ ಸಂತತಿಯ ಹಿತಕ್ಕೆ ಸಲ್ಲತಕ್ಕದ್ದು ಎಂದು 2019ರ ಏಪ್ರಿಲಿನಲ್ಲಿ ಮೂರರಲ್ಲಿ ಸುಮಾರು ಎರಡು ಪಾಲಿನಷ್ಟು ಮತಗಳಿಂದ ತೀರ್ಮಾನಿಸಿದರು. 272 ಎಂಬ ಸಂಖ್ಯೆ ಆ ಮೊತ್ತದಲ್ಲಿಯೇ ಅಡಗಿದೆ. ಮಾರಿದವರು ಈ ಯುವಕ ಯುವತಿಯರಲ್ಲ. ಆದರೂ ಆ ಹಣದಿಂದ ಉಳಿದುಕೊಂಡ ಸೂರಿನ ಕೆಳಗೆ ಕುಳಿತು ಓದುತ್ತಿರುವವರು ಆ ಋಣಕ್ಕೆ ಹೊರಗಿನವರಲ್ಲವೆಂದು ಒಪ್ಪಿಕೊಂಡುದು ಸಣ್ಣ ಮಾತೆ?

ಆಡಳಿತವರ್ಗವು ಆ ಶುಲ್ಕವನ್ನು ಜಾರಿಗೆ ತರಲಿಲ್ಲ. ಅಷ್ಟೇ ಮೊತ್ತವನ್ನು, ಎಂದರೆ ವರ್ಷಕ್ಕೆ 4 ಲಕ್ಷ ಡಾಲರುಗಳನ್ನು, ಸ್ವಇಚ್ಛೆಯ ದೇಣಿಗೆಗಳಿಂದ ಕೂಡಿಸುವೆವೆಂದು ಅದೇ ವರ್ಷದ ಅಕ್ಟೋಬರಿನಲ್ಲಿ ಸಾರಿತು. 2022ರಲ್ಲಿ ಆರಂಭವಾದ ಈ ಸಂಧಾನನಿಧಿಯಿಂದ ಸಂತತಿಯವರು ನೆಲೆಸಿರುವ ಊರುಗಳ ಸೇವಾಕಾರ್ಯಗಳಿಗೆ ಅನುದಾನ ಸಲ್ಲುತ್ತದೆ. ಲೂಸಿಯಾನದ ಮ್ಯಾರಿಂಗ್ವಿನ್ ಅಂಥದೊಂದು ಊರು.

ಮೊತ್ತ ಬದಲಾಗಲಿಲ್ಲ, ಭಾವ ಬದಲಾಯಿತು. ದಾನಿಯು ನಾಳೆ ಕೈ ಹಿಂದೆಗೆದರೆ ಅವನನ್ನು ಯಾರೂ ದೂರಲಾರರು. ಸಾಲಗಾರನಿಗೆ ಆ ಸ್ವಾತಂತ್ರ್ಯವಿಲ್ಲ. ದಾನಿಗೆ ಕೃತಜ್ಞತೆ ಸಲ್ಲುತ್ತದೆ. ಸಾಲ ತೀರಿಸುವವನು ಅದನ್ನು ಬಯಸಿದರೆ ಕೇಳಿದವರು ನಕ್ಕಾರು. ದಾನಕ್ಕೂ ದಾಸೋಹಕ್ಕೂ ಇರುವ ಅಂತರವನ್ನು ಬಲ್ಲ ನಮ್ಮ ಓದುಗರಿಗೆ ಈ ಸೂಕ್ಷ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಶುಲ್ಕವನ್ನು ವಿರೋಧಿಸಲೂ ಕಾರಣವಿತ್ತು. ಸಾಲ ಮಾಡಿ ಓದಲು ಬಂದ ಬಡ ಹುಡುಗನು ಸಂಸ್ಥೆಯ ಪಾಪಕ್ಕೆ ಕಪ್ಪವನ್ನೇಕೆ ತೆರಬೇಕು? ಈ ಆಕ್ಷೇಪಣೆ ಹಗುರವಾದುದಲ್ಲ. ನನ್ನನ್ನು ಬಹಳ ಹೊತ್ತು ತಡೆದು ನಿಲ್ಲಿಸಿದುದು ಇದೇ. ಆದರೆ ಇದರಿಂದ ಸಿದ್ಧವಾಗುವುದು ಸಂಸ್ಥೆಯು ತನ್ನ ಬೊಕ್ಕಸದಿಂದಲೇ ಕೊಡಬೇಕೆಂಬುದೇ ಹೊರತು, ಉದಾರಿಗಳನ್ನು ಅರಸಬೇಕೆಂಬುದಲ್ಲ. ಯೋಜನೆಗಳ ಆಯ್ಕೆಯಲ್ಲಿ ವಿದ್ಯಾರ್ಥಿಗಳಿಗೂ ಸಂತತಿಯವರಿಗೂ ಸ್ಥಾನವಿತ್ತಿರುವುದು ಮೆಚ್ಚತಕ್ಕ ಏರ್ಪಾಡು, ನಿಜ.

ಮಾರಲ್ಪಟ್ಟವರು ಮುನ್ನೂರಕ್ಕೂ ಮಿಕ್ಕಿದ್ದರೆಂದು ವಂಶಾವಳಿಯನ್ನು ಶೋಧಿಸಿದವರು ಈಚೆಗೆ ಹೇಳುತ್ತಾರೆ. ಹಾಗಿದ್ದರೆ ವಿದ್ಯಾರ್ಥಿಗಳು ಹಾಕಿದ್ದ 27 ಡಾಲರು 20 ಸೆಂಟುಗಳ ಲೆಕ್ಕವೂ ಕಡಮೆಯೇ.