ಕರ್ತೃವಿಗೆ ಫಲ ಕಾಣುವಷ್ಟು ಕಾಲ

ವ್ಯವಹಾರಾಡಳಿತದ ಸ್ನಾತಕೋತ್ತರ ಪದವಿಯಲ್ಲಿ, ಅಂದರೆ ರೂಢಿಯಲ್ಲಿ ಎಂಬಿಎ ಎಂದು ಕರೆಯುವ ಓದಿನಲ್ಲಿ, ವಿದ್ಯಾರ್ಥಿಯನ್ನು ಕೆಲವು ತಿಂಗಳ ಮಟ್ಟಿಗೆ ತರಗತಿಯಿಂದ ಬಿಡಿಸಿ ಒಂದು ಸಂಸ್ಥೆಯ ಕೆಲಸಕ್ಕೆ ಹಚ್ಚುವ ಪದ್ಧತಿಯನ್ನು ಉದ್ಯೋಗ ಸಿಗುವ ದಾರಿಯೆಂದಷ್ಟೇ ನೋಡುವುದು ವಾಡಿಕೆ. ಆದರೆ ಆ ಅವಧಿಯಲ್ಲಿ ದೊರೆಯುವ ಅರಿವು ಯಾವ ಬಗೆಯದು, ಅದು ಪುಸ್ತಕದ ಅರಿವಿನ ಮುಂದುವರಿಕೆಯೇ ಅಥವಾ ಸ್ವರೂಪದಲ್ಲೇ ಬೇರೆಯಾದುದೇ ಎಂಬುದು ಜ್ಞಾನಮೀಮಾಂಸೆಗೆ, ಎಂದರೆ ಅರಿವಿನ ಮೂಲ ಮತ್ತು ಪ್ರಾಮಾಣ್ಯವನ್ನು ವಿಚಾರಿಸುವ ಶಾಸ್ತ್ರಕ್ಕೆ, ಸೇರಿದ ಪ್ರಶ್ನೆ. ಓದು ಒಣ, ಅನುಭವವೇ ಗುರು ಎಂಬ ಸುಲಭದ ಉತ್ತರ ಇದಕ್ಕೆ ಸಾಲದು.

ಸಾಲದು ಎನ್ನುವುದಕ್ಕೆ ಮೊದಲ ಕಾರಣವನ್ನು ಭಾರತೀಯ ದರ್ಶನಗಳೇ ಕೊಡುತ್ತವೆ. ನ್ಯಾಯದರ್ಶನವು ಪ್ರಮಾಣಗಳನ್ನು, ಅಂದರೆ ಯಥಾರ್ಥಜ್ಞಾನದ ಸಾಧನಗಳನ್ನು, ಎಣಿಸುವಾಗ ಪ್ರತ್ಯಕ್ಷ, ಅನುಮಾನ, ಉಪಮಾನಗಳ ಸಾಲಿನಲ್ಲಿ ಶಬ್ದಕ್ಕೂ, ಎಂದರೆ ನಂಬಲು ಅರ್ಹನಾದವನ ಮಾತಿಗೂ, ಸ್ವತಂತ್ರವಾದ ಸ್ಥಾನ ಕೊಟ್ಟಿದೆ. ಅದ್ವೈತಿಗಳಲ್ಲಿ ಅನೇಕರು ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಹೊಳೆ ದಾಟಿದ ಹತ್ತು ಮಂದಿಯಲ್ಲಿ ತನ್ನನ್ನೇ ಬಿಟ್ಟು ಎಣಿಸಿ ಒಬ್ಬ ಮುಳುಗಿದನೆಂದು ಗೋಳಿಡುವವನಿಗೆ ದಾರಿಹೋಕನ ಒಂದು ಮಾತಿನಿಂದಲೇ ಹತ್ತನೆಯವನು ನೇರವಾಗಿ ಕಾಣುವ ಕಥೆಯನ್ನು ಮುಂದಿಟ್ಟು, ಮಾತು ಅಪರೋಕ್ಷಜ್ಞಾನವನ್ನೂ, ಅಂದರೆ ಯಾವ ಮರೆಯೂ ಇಲ್ಲದ ಅರಿವನ್ನೂ, ಹುಟ್ಟಿಸಬಲ್ಲದೆಂದು ವಾದಿಸಿದ್ದಾರೆ. ವ್ಯವಹಾರಶಿಕ್ಷಣದಲ್ಲಿ ಈ ವಾದಕ್ಕೆ ಸಾಕಷ್ಟು ಬಲವಿದೆ. ಲೆಕ್ಕಶಾಸ್ತ್ರವನ್ನು ಓದಿದವನಿಗೆ ಗೋದಾಮಿನಲ್ಲಿ ಪೇರಿಸಿಟ್ಟ ಸರಕು ಸಿರಿತನದ ಗುರುತಾಗಿ ಕಾಣದೆ ಬಡ್ಡಿ ತಿನ್ನುತ್ತ ಕುಳಿತ ಬಂಡವಾಳವಾಗಿ ಕಾಣುತ್ತದೆ. ಓದದವನು ಅದೇ ಗೋದಾಮಿನಲ್ಲಿ ಹತ್ತು ವರ್ಷ ಓಡಾಡಿದರೂ ಅದನ್ನು ಕಾಣದಿರುವ ಸಾಧ್ಯತೆಯೇ ಹೆಚ್ಚು.

ಹಾಗಿದ್ದರೂ ಮಾತು ಮುಟ್ಟಲಾರದ ಒಂದು ಭಾಗ ಉಳಿದೇ ಇರುತ್ತದೆ. ಬ್ರಿಟಿಷ್ ತತ್ತ್ವಜ್ಞಾನಿ ಗಿಲ್ಬರ್ಟ್ ರೈಲ್ 1949ರ ‘ದಿ ಕಾನ್ಸೆಪ್ಟ್ ಆಫ್ ಮೈಂಡ್’ ಗ್ರಂಥದಲ್ಲಿ, ಸಂಗತಿಯೊಂದು ಹೀಗಿದೆ ಎಂದು ತಿಳಿದಿರುವುದಕ್ಕೂ ಕೆಲಸವೊಂದನ್ನು ಮಾಡಬಲ್ಲವನಾಗಿರುವುದಕ್ಕೂ ಇರುವ ಭೇದವನ್ನು ಸ್ಥಾಪಿಸುವಾಗ ಬಳಸಿದ ಯುಕ್ತಿ ಇಲ್ಲಿ ಪ್ರಸ್ತುತವಾಗಿದೆ: ಬುದ್ಧಿಪೂರ್ವಕವಾದ ಪ್ರತಿಯೊಂದು ಕ್ರಿಯೆಗೂ ಮೊದಲು ತಕ್ಕ ನಿಯಮವೊಂದನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದರೆ, ತಕ್ಕ ನಿಯಮವನ್ನು ಆರಿಸುವುದೂ ಬುದ್ಧಿಪೂರ್ವಕ ಕ್ರಿಯೆಯೇ ಆದ್ದರಿಂದ ಅದಕ್ಕೆ ಇನ್ನೊಂದು ನಿಯಮ, ಆ ನಿಯಮಕ್ಕೆ ಮತ್ತೊಂದು ಬೇಕಾಗಿ, ಭಾರತೀಯ ತಾರ್ಕಿಕರು ಅನವಸ್ಥೆ ಎಂದು ಕರೆಯುವ ಕೊನೆಯಿಲ್ಲದ ಸರಪಣಿ ಒದಗುತ್ತದೆ. ಇದಕ್ಕಿಂತ ಎಷ್ಟೋ ಹಿಂದೆ ಅರಿಸ್ಟಾಟಲ್ ‘ನಿಕೊಮೇಕಿಯನ್ ಎಥಿಕ್ಸ್’ನ ಆರನೆಯ ಭಾಗದಲ್ಲಿ ಫ್ರೊನೆಸಿಸ್ ಎಂಬ ಗುಣವನ್ನು, ಅಂದರೆ ಇಂಥ ಸಂದರ್ಭದಲ್ಲಿ ಇಂಥದ್ದು ಮಾಡತಕ್ಕದ್ದು ಎಂದು ಕಾಣುವ ವ್ಯವಹಾರವಿವೇಕವನ್ನು, ವಿವರಿಸುತ್ತ, ಎಳೆಯರು ರೇಖಾಗಣಿತದಲ್ಲಿ ಪಾರಂಗತರಾಗಬಹುದಾದರೂ ಈ ವಿವೇಕವು ಬಿಡಿಬಿಡಿ ಸಂದರ್ಭಗಳ ಪರಿಚಯದಿಂದ ಬರುವುದಾದ್ದರಿಂದ ಮತ್ತು ಆ ಪರಿಚಯಕ್ಕೆ ಕಾಲ ಹಿಡಿಯುವುದರಿಂದ ಅವರಿಗೆ ಒದಗದೆಂದು ಹೇಳಿದ್ದನು.

1908ರಲ್ಲಿ ಆರಂಭವಾದ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಬೆಳೆಸಿದ, 1961ರಲ್ಲಿ ಸ್ಥಾಪನೆಯಾದ ಅಹಮದಾಬಾದಿನ ಐಐಎಂ ಅದರಿಂದ ಪಡೆದು ತನ್ನದಾಗಿಸಿಕೊಂಡ ಕೇಸ್ ಪದ್ಧತಿಯನ್ನು ಈ ಕೊರತೆಯನ್ನು ತರಗತಿಯ ಒಳಗೇ ತುಂಬುವ ಪ್ರಯತ್ನವೆಂದು ಓದಬಹುದು. ನಿಜವಾದ ಸಂಸ್ಥೆಯೊಂದರ ಇಕ್ಕಟ್ಟನ್ನು ಬರಹದಲ್ಲಿ ಕೊಟ್ಟು ನಿರ್ಧಾರ ಮಾಡಬೇಕಾದವನ ಜಾಗದಲ್ಲಿ ವಿದ್ಯಾರ್ಥಿಯನ್ನು ಕೂರಿಸುವ ಈ ಪದ್ಧತಿ ಚುರುಕಾದದ್ದೇನೋ ಹೌದು. ಆದರೆ ಅಲ್ಲಿ ಯಾವ ಸಂಗತಿ ಮುಖ್ಯ, ಯಾವುದು ಅಮುಖ್ಯ ಎಂಬ ಆಯ್ಕೆಯನ್ನು ಕೇಸ್ ಬರೆದವನು ಮೊದಲೇ ಮಾಡಿಬಿಟ್ಟಿರುತ್ತಾನೆ, ಮತ್ತು ತಪ್ಪು ನಿರ್ಧಾರಕ್ಕೆ ತೆರಬೇಕಾದ ಬೆಲೆ ಸಹಪಾಠಿಗಳ ಆಕ್ಷೇಪಣೆಯನ್ನು ಮೀರುವುದಿಲ್ಲ.

ಬ್ರಹ್ಮಸೂತ್ರದ ನಾಲ್ಕನೆಯ ಸೂತ್ರದ ಭಾಷ್ಯದಲ್ಲಿ ಶಂಕರಾಚಾರ್ಯರು ಜ್ಞಾನವು ವಸ್ತುತಂತ್ರ, ಕ್ರಿಯೆಯು ಪುರುಷತಂತ್ರ ಎಂದು ಮಾಡುವ ವಿಭಾಗ ಈ ಎರಡು ಕೊರತೆಗಳ ಸ್ವರೂಪವನ್ನು ಬಿಡಿಸಿ ತೋರಿಸುತ್ತದೆ. ಅರಿವು ಅರಿಯಲ್ಪಡುವ ವಸ್ತುವಿಗೆ ಅಧೀನವಾದ್ದರಿಂದ ಕಂಬವನ್ನು ಕಂಬವೆಂದೇ ತಿಳಿಯಬೇಕಲ್ಲದೆ ಇಷ್ಟಬಂದಂತೆ ತಿಳಿಯಲಾಗದು. ಕ್ರಿಯೆಯಾದರೋ ಮಾಡುವವನಿಗೆ ಅಧೀನ, ಅದನ್ನು ಮಾಡಬಹುದು, ಬಿಡಬಹುದು, ಬೇರೆ ರೀತಿಯಲ್ಲಿಯೂ ಮಾಡಬಹುದು. ಆಚಾರ್ಯರ ಉದ್ದೇಶ ಬ್ರಹ್ಮಜ್ಞಾನವನ್ನು ಕರ್ಮದಿಂದ ಬೇರ್ಪಡಿಸುವುದೇ ಹೊರತು ವ್ಯಾಪಾರದ ವಿಚಾರವಲ್ಲವಾದರೂ, ವಿಭಾಗವನ್ನು ಎರವಲು ಪಡೆಯಲು ಅಡ್ಡಿಯಿಲ್ಲ. ಕಾರ್ಖಾನೆಯಲ್ಲಿ ಎಷ್ಟು ಸರಕಿದೆ ಎಂಬುದು ವಸ್ತುತಂತ್ರ. ಅದನ್ನು ಎಷ್ಟಕ್ಕೆ ಇಳಿಸಬೇಕು, ಯಾರನ್ನು ಕೇಳಿ ಇಳಿಸಬೇಕು ಎಂಬುದು ಪುರುಷತಂತ್ರ. ವಿದ್ಯಾರ್ಥಿ ಒಪ್ಪಿಸುವ ವರದಿಗೆ ಅಂಕ ಕೊಡುವಾಗ ಮೊದಲನೆಯದನ್ನು ಅಳೆಯುವುದು ಸುಲಭ, ಕಲಿಕೆ ನಡೆಯುವುದು ಎರಡನೆಯದರಲ್ಲಿ.

ಅವಧಿಯ ಪ್ರಶ್ನೆ ಏಳುವುದೂ ಇಲ್ಲಿಯೇ. ಭಾರತದ ಐಐಎಂಗಳಲ್ಲಿ ಮೊದಲ ಮತ್ತು ಎರಡನೆಯ ವರ್ಷದ ನಡುವೆ ಬರುವ ಬೇಸಿಗೆಯ ಇಂಟರ್ನ್‌ಶಿಪ್ ಸುಮಾರು 2 ತಿಂಗಳದ್ದು. ಅಮೆರಿಕದ ಎಂಐಟಿಯಲ್ಲಿ 1988ರಲ್ಲಿ ‘ಲೀಡರ್ಸ್ ಫಾರ್ ಮ್ಯಾನುಫ್ಯಾಕ್ಚರಿಂಗ್’ ಎಂಬ ಹೆಸರಿನಿಂದ ಆರಂಭವಾಗಿ ಈಗ ‘ಲೀಡರ್ಸ್ ಫಾರ್ ಗ್ಲೋಬಲ್ ಆಪರೇಷನ್ಸ್’ ಎನಿಸಿಕೊಂಡಿರುವ, ಎಂಬಿಎ ಜೊತೆಗೆ ಇಂಜಿನಿಯರಿಂಗಿನ ಸ್ನಾತಕೋತ್ತರ ಪದವಿಯನ್ನೂ ಕೊಡುವ ಎರಡು ವರ್ಷಗಳ ಕ್ರಮದಲ್ಲಿ ವಿದ್ಯಾರ್ಥಿ 6 ತಿಂಗಳು ಪಾಲುದಾರ ಕಂಪನಿಯೊಂದರಲ್ಲಿದ್ದು, ಅಲ್ಲಿಯ ಸಮಸ್ಯೆಯೊಂದನ್ನು ಕೈಗೆತ್ತಿಕೊಂಡು, ಅದನ್ನೇ ಪ್ರಬಂಧವಾಗಿ ಬರೆಯಬೇಕು. ಎರಡಕ್ಕೂ ಆರಕ್ಕೂ ಇರುವ ಅಂತರ ಬರಿಯ ಪ್ರಮಾಣದ್ದಲ್ಲ. ತಯಾರಿಕಾ ಘಟಕವೊಂದರಲ್ಲಿ ಸೇಫ್ಟಿ ಸ್ಟಾಕನ್ನು, ಅಂದರೆ ಬೇಡಿಕೆ ಏರಿದರೂ ಸರಬರಾಜು ತಡವಾದರೂ ಕೆಲಸ ನಿಲ್ಲದಿರಲೆಂದು ಕೂಡಿಡುವ ಬಿಡಿಭಾಗಗಳನ್ನು, ತಗ್ಗಿಸುವ ಕೆಲಸವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಬೇಡಿಕೆಯ ಏರಿಳಿತ, ಸರಕು ಬರಲು ಹಿಡಿಯುವ ಕಾಲ, ಒಪ್ಪಿಕೊಳ್ಳಬಹುದಾದ ಕೊರತೆಯ ಮಟ್ಟ ಇವಿಷ್ಟು ಗೊತ್ತಿದ್ದರೆ ಪಠ್ಯದ ಸೂತ್ರ ಒಂದು ಸಂಖ್ಯೆಯನ್ನು ಕೊಡುತ್ತದೆ, ಎರಡು ತಿಂಗಳು ಇರುವವನು ಆ ಸಂಖ್ಯೆಯನ್ನು ಸ್ಲೈಡುಗಳಲ್ಲಿ ತೋರಿಸಿ, ಉಳಿತಾಯದ ಮೊತ್ತಕ್ಕೆ ಚಪ್ಪಾಳೆ ಪಡೆದು ಹಿಂದಿರುಗುತ್ತಾನೆ. ಆರು ತಿಂಗಳು ಇರುವವನಿಗೆ ಆ ಸಂಖ್ಯೆ ಜಾರಿಗೆ ಬಂದ ಮೇಲಿನ ದಿನಗಳನ್ನೂ ಅಲ್ಲಿಯೇ ಕಳೆಯಬೇಕಾಗುತ್ತದೆ: ಸರಬರಾಜುದಾರನ ಲಾರಿ ಬಾರದೆ ಜೋಡಣೆಯ ಸಾಲು ನಿಲ್ಲುವುದನ್ನೂ, ಕಂಪ್ಯೂಟರಿನಲ್ಲಿ ದಾಖಲಾಗಿದ್ದ ಅವಧಿಗಳು ಯಾರೋ ಒಮ್ಮೆ ತುಂಬಿಸಿ ಮತ್ತೆ ಮುಟ್ಟದೆ ಬಿಟ್ಟವೆಂಬುದನ್ನೂ, ಸ್ಟೋರ್ ಕೀಪರ್ ಲೆಕ್ಕಕ್ಕೆ ಸಿಗದಂತೆ ಒಂದಿಷ್ಟು ಭಾಗಗಳನ್ನು ಎತ್ತಿಟ್ಟಿರುವುದು ಕಳ್ಳತನದಿಂದಲ್ಲ, ಸಾಲು ನಿಂತಾಗ ಬೈಗುಳ ತಿನ್ನುವವನು ತಾನೇ ಎಂಬ ಅರಿವಿನಿಂದ ಎಂಬುದನ್ನೂ ಅವನು ನೋಡುವ ಅವಕಾಶವಿದೆ. ಯಾವ ಭಾಗ ಯಾವಾಗ ಕೈಕೊಡುತ್ತದೆಂದು ಆ ಸ್ಟೋರ್ ಕೀಪರ್ ಬಲ್ಲನಾದರೂ ಹೇಗೆ ಬಲ್ಲನೆಂದು ಹೇಳಲಾರ. ಮೈಕೆಲ್ ಪೊಲಾನ್ಯಿ 1966ರ ‘ದಿ ಟ್ಯಾಸಿಟ್ ಡೈಮೆನ್ಷನ್’ ಕೃತಿಯಲ್ಲಿ ಚರ್ಚಿಸಿದ ಮೌನಜ್ಞಾನ, ಎಂದರೆ ನುಡಿಗೆ ಪೂರ್ತಿ ದಕ್ಕದ ಅರಿವು, ಇಂಥದ್ದೇ.

ಈ ಕಲಿಕೆಯನ್ನು ಅನುಭವ ಎಂದು ಕರೆದು ಸುಮ್ಮನಾಗುವುದಕ್ಕಿಂತ ಕರ್ತೃವಿಗೂ ಫಲಕ್ಕೂ ಇರುವ ಸಂಬಂಧದ ದರ್ಶನ ಎಂದು ಗುರುತಿಸುವುದು ಹೆಚ್ಚು ಸರಿಯಾದೀತು. ಪೂರ್ವಮೀಮಾಂಸಕರಿಗೆ ಎದುರಾದ ತೊಡಕು ಇದೇ ಆಗಿತ್ತು: ಯಜ್ಞ ಇಂದು ಮುಗಿದುಹೋಗುತ್ತದೆ, ಸ್ವರ್ಗ ಎಂದೋ ಬರುತ್ತದೆ, ನಡುವಿನ ಕಾಲದಲ್ಲಿ ಇವೆರಡನ್ನು ಕೂಡಿಸಿ ಹಿಡಿಯುವುದು ಯಾವುದು? ಅದಕ್ಕಾಗಿ ಅವರು ಅಪೂರ್ವ ಎಂಬ ಕಾಣದ ಶಕ್ತಿಯನ್ನು ಒಪ್ಪಿದರು. ಮಾಡಿದವನಿಗೆ ಫಲ ತಪ್ಪುವುದನ್ನು ಕೃತಹಾನಿ ಎಂದೂ ಮಾಡದವನ ಮೇಲೆ ಫಲ ಬಂದೆರಗುವುದನ್ನು ಅಕೃತಾಭ್ಯಾಗಮ ಎಂದೂ ಹೆಸರಿಸಿ, ಇವೆರಡಕ್ಕೂ ಎಡೆಗೊಡುವ ಸಿದ್ಧಾಂತ ನಿಲ್ಲದೆಂದು ಶಾಸ್ತ್ರಕಾರರು ತರ್ಕಿಸಿದ್ದಾರೆ. ದರ್ಶನದಲ್ಲಿ ಪರಿಹರಿಸಲೇಬೇಕಾದ ಈ ದೋಷಗಳು ದೊಡ್ಡ ಸಂಸ್ಥೆಗಳಲ್ಲಿ ದಿನನಿತ್ಯದ ವ್ಯವಸ್ಥೆಯೇ ಆಗಿಬಿಟ್ಟಿವೆ. ಎರಡು ವರ್ಷಕ್ಕೊಮ್ಮೆ ಹುದ್ದೆ ಬದಲಾಯಿಸುವ ವ್ಯವಸ್ಥಾಪಕನ ನಿರ್ಧಾರದ ಫಲವನ್ನು ಉಣ್ಣುವವರು ಅವನ ಉತ್ತರಾಧಿಕಾರಿಗಳು ಮತ್ತು ಕೆಳಗಿನ ಕೆಲಸಗಾರರು. ಕಿರು ಇಂಟರ್ನ್‌ಶಿಪ್ ಈ ಅಭ್ಯಾಸವನ್ನು ವಿದ್ಯಾರ್ಥಿದೆಸೆಯಲ್ಲೇ ರೂಢಿಸಿಕೊಡುತ್ತದೆ ಎಂದರೆ ಕಟುವಾದೀತು, ಸುಳ್ಳಾಗದು.

ಫಲದ ಚಿಂತೆಯೇ ಸಲ್ಲದೆಂದು ಗೀತೆ ಬೋಧಿಸುವಾಗ ಫಲವನ್ನು ಕಾಣಬೇಕೆಂಬ ಈ ಒತ್ತಾಯವೇಕೆ ಎಂಬ ಆಕ್ಷೇಪಕ್ಕೆ, ನಿಷ್ಕಾಮಕರ್ಮದಲ್ಲಿ ಬಿಡಬೇಕಾದದ್ದು ಫಲದ ಆಸೆಯೇ ಹೊರತು ಫಲದ ವಿಚಾರವಲ್ಲ ಎಂಬುದೇ ಸಮಾಧಾನ; 1915ರಲ್ಲಿ ಪ್ರಕಟವಾದ ‘ಗೀತಾರಹಸ್ಯ’ದಲ್ಲಿ ಟಿಳಕರು ಗೀತೆಯನ್ನು ಕರ್ಮಯೋಗಪರವಾಗಿ ಓದಿದ್ದು ಈ ದಾರಿಯಲ್ಲಿಯೇ. ವಿದ್ಯಾರ್ಥಿಯ ಮುಂದೆ ಎರಡು ಫಲಗಳಿವೆ: ತನ್ನ ಕೆಲಸ ಇತರರ ಮೇಲೆ ಬೀರುವ ಪರಿಣಾಮ ಒಂದು, ಆ ಕೆಲಸದಿಂದ ತನಗೆ ಸಿಗಬಹುದಾದ ಪಿಪಿಒ, ಅಂದರೆ ಇಂಟರ್ನ್‌ಶಿಪ್ ಮೆಚ್ಚಿದ ಕಂಪನಿ ಓದು ಮುಗಿಯುವ ಮೊದಲೇ ಮುಂದಿಡುವ ನೌಕರಿ, ಇನ್ನೊಂದು. ಎರಡನೆಯದರ ಮೇಲಿನ ಆಸೆ ಮೊದಲನೆಯದರ ವಿಚಾರವನ್ನು ಮಬ್ಬಾಗಿಸುತ್ತದೆ, ಏಕೆಂದರೆ ಕೆಟ್ಟ ಸುದ್ದಿ ತಂದವನಿಗೆ ನೌಕರಿ ಕೊಡುವ ಔದಾರ್ಯ ಅಪರೂಪ.

ಅವಧಿ ಎಷ್ಟೇ ಉದ್ದವಾದರೂ ಬಗೆಹರಿಯದ ಇನ್ನೊಂದು ಮಾತಿದೆ. ಹನ್ನೆರಡನೆಯ ಶತಮಾನದ ಶರಣರ ಕಾಯಕತತ್ತ್ವದಲ್ಲಿ ದುಡಿಮೆಯೇ ಪೂಜೆಯಾಗುವುದು ಅದು ಪ್ರಾಮಾಣಿಕವಾಗಿದ್ದಾಗ ಮತ್ತು ಗಳಿಕೆ ದಾಸೋಹಕ್ಕೆ, ಅಂದರೆ ಹಂಚಿ ಉಣ್ಣುವ ಸಮರ್ಪಣೆಗೆ, ಸಂದಾಗ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಮಡದಿ ಲಕ್ಕಮ್ಮ ಅದನ್ನು ಒಪ್ಪದೆ ಹೆಚ್ಚಿನದನ್ನು ತಂದಲ್ಲಿಗೇ ಸುರಿದು ಬರುವಂತೆ ಹೇಳಿದ ಪ್ರಸಂಗ ಶರಣಪರಂಪರೆಯಲ್ಲಿ ಪ್ರಸಿದ್ಧವಾಗಿದೆ. ಸಾಲುವಷ್ಟು ಯಾವುದು ಎಂಬ ಅವಳ ಪ್ರಶ್ನೆಯನ್ನು ಕೇಳಲು ಕಂಪನಿಯೊಳಗೆ ಕೂತ ವಿದ್ಯಾರ್ಥಿಗೆ ಜಾಗವಿಲ್ಲ: ಅವನಿಗೆ ಗುರಿ ಕೊಡುವವರೂ, ಗುರಿ ಮುಟ್ಟಿದ್ದನ್ನು ಪ್ರಮಾಣೀಕರಿಸುವವರೂ, ಅದರ ಲಾಭ ಪಡೆಯುವವರೂ ಒಬ್ಬರೇ.

ವರ್ಗೀಸ್ ಕುರಿಯನ್ 1979ರಲ್ಲಿ ಗುಜರಾತಿನ ಆಣಂದದಲ್ಲಿ ಸ್ಥಾಪಿಸಿದ ಇರ್ಮಾ, ಅಂದರೆ ಗ್ರಾಮೀಣ ನಿರ್ವಹಣೆಯನ್ನು ಕಲಿಸುವ ಸಂಸ್ಥೆ, ಈ ದೃಷ್ಟಿಯಿಂದ ಬೇರೆಯಾಗಿ ನಿಲ್ಲುತ್ತದೆ. ಅಲ್ಲಿಯ ಸ್ನಾತಕೋತ್ತರ ವಿದ್ಯಾರ್ಥಿಗಳು ಸಂಸ್ಥೆಗಳ ಕಚೇರಿಗಳಲ್ಲಿ ತರಬೇತಿ ಪಡೆಯುವುದಲ್ಲದೆ ಹಲವು ವಾರ ಹಳ್ಳಿಯಲ್ಲಿಯೇ ಉಳಿದು, ನೀರು, ಸಾಲ, ಹಾಲಿನ ಲೆಕ್ಕಗಳನ್ನು ಅಲ್ಲಿಯವರ ನಡುವೆ ಬಾಳುತ್ತ ಅರಿಯಬೇಕಾಗುತ್ತದೆ. ಸಹಕಾರಿ ಡೈರಿಯಲ್ಲಿ ಹಾಲು ಹಾಕುವವರೇ ಒಡೆಯರೂ ಆಗಿರುವುದರಿಂದ, ಮುಂದೊಂದು ದಿನ ಅದರ ಕಚೇರಿಯಲ್ಲಿ ಕೂತು ದರ ನಿಗದಿಮಾಡುವವನು ಆ ದರ ಯಾವ ಮನೆಯ ಕೊಟ್ಟಿಗೆಯಲ್ಲಿ ಹಿಂಡಿಯ ಖರ್ಚಿಗೆ ಸಾಲದೆ ಹೋಗುತ್ತದೆಂಬುದನ್ನು ಅಧಿಕಾರ ಸಿಗುವ ಮೊದಲೇ ನೋಡಿರುತ್ತಾನೆ. ಮಾಡುವವನು ಫಲದ ಬಳಿ ನಿಲ್ಲುವುದು ಇಲ್ಲಿ ಕ್ರಿಯೆಯ ನಂತರವಲ್ಲ, ಕ್ರಿಯೆಗೆ ಮುಂಚೆ. ಎಂಐಟಿಯ ಆರು ತಿಂಗಳು ಕೊಡದ ಈ ಒಂದು ಸಂಗತಿಯನ್ನು ಹಳ್ಳಿಯ ಕೆಲವೇ ವಾರಗಳು ಕೊಡುತ್ತವೆ.