ಮಾರಲ್ಪಟ್ಟವರ ಚರಿತ್ರೆಯನ್ನು ಮಕ್ಕಳಿಗೆ ಹೇಳುವ ಕ್ರಮ

ಯಲಹಂಕದ ಕಡೆಯ ನಮಗೆ ಹೆಸರಘಟ್ಟದ ರಸ್ತೆ ದೂರದ್ದಲ್ಲ. 2016ನೆಯ ಇಸವಿ ಜನವರಿ 31ರಂದು ಅಲ್ಲಿ ಸೂಡಾನ್ ದೇಶದವನೊಬ್ಬನ ಕಾರಿಗೆ ಸಿಕ್ಕಿ ಒಬ್ಬ ಹೆಂಗಸು ಪ್ರಾಣಬಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಾಗಿ ಬಂದ ಟಾಂಜಾನಿಯ ದೇಶದ ವಿದ್ಯಾರ್ಥಿನಿಯನ್ನು ಜನರ ಗುಂಪು ತಡೆದು ಹೊಡೆಯಿತು. ಆಕೆಗೂ ಆ ಅಪಘಾತಕ್ಕೂ ಸಂಬಂಧವಿರಲಿಲ್ಲ, ಮೈಬಣ್ಣವೊಂದೇ ಸಾಕ್ಷಿಯಾಯಿತು.

ಹೀಗಿರಲಾಗಿ, ಆಫ್ರಿಕದವರ ಚರಿತ್ರೆಯನ್ನು ನಮ್ಮ ಚಿಕ್ಕ ಮಕ್ಕಳಿಗೆ ಹೇಳತೊಡಗಿದೆವು. "ಎಳೆಯ ಮನಸ್ಸಿಗೆ ಸಂಕೋಲೆಯ ಮಾತು ಯಾಕೆ?" ಎಂದು ಕೆಲವು ತಂದೆತಾಯಿಗಳು ಕೇಳಿದರು. ಆದರೆ ಯೋಸೇಫನನ್ನು ಅಣ್ಣಂದಿರು ಮಾರಿದ ಕಥೆಯನ್ನು ಅದೇ ಮಕ್ಕಳಿಗೆ ಸಂಕೋಚವಿಲ್ಲದೆ ಹೇಳುತ್ತೇವಲ್ಲವೇ? ಅಲ್ಲಿ ಮಗುವು ಮೊದಲು ಯೋಸೇಫನ ತಂದೆಯನ್ನೂ ಅಂಗಿಯನ್ನೂ ಕನಸುಗಳನ್ನೂ ಅರಿಯುತ್ತದೆ. ಗುಂಡಿಯು ಆಮೇಲೆ ಬರುತ್ತದೆ. ಆದಕಾರಣ ಅವನು ಹುಟ್ಟುದಾಸನೆಂದು ಯಾವ ಮಗುವೂ ಎಣಿಸುವದಿಲ್ಲ. ಆಫ್ರಿಕದವರನ್ನಾದರೋ ಮೊದಲನೆಯ ಮಾತಿನಲ್ಲಿಯೇ ಸಂಕೋಲೆಯಲ್ಲಿ ನಿಲ್ಲಿಸಿದರೆ, ಮಗುವು ಕನಿಕರವನ್ನು ಕಲಿತೀತು, ಗೌರವವನ್ನು ಕಲಿಯಲಾರದು.

ಆದುದರಿಂದ ಯೆರೆಮೀಯನನ್ನು ಬಾವಿಯಿಂದ ಎತ್ತಿದ ಕೂಷ್ಯನಾದ ಎಬೆದ್ಮೆಲೆಕನಿಂದ ಆರಂಭಿಸಿದೆವು. ಅನಂತರ ಮಲಿಕ್ ಅಂಬರನ ಸಂಗತಿ. ಇಥಿಯೋಪ್ಯದಲ್ಲಿ ಹುಟ್ಟಿ ದಾಸನಾಗಿ ಮಾರಲ್ಪಟ್ಟ ಇವನು ಅಹಮದನಗರದ ಮಂತ್ರಿಯಾಗಿ, 1626ರಲ್ಲಿ ಸಾಯುವ ತನಕ ಮೊಗಲರ ದಂಡನ್ನು ಎದುರಿಸಿದನು. ತಾನು ಕಟ್ಟಿಸಿದ ಖಡ್ಕಿ ಪಟ್ಟಣಕ್ಕೆ (ಮುಂದೆ ಅದೇ ಔರಂಗಾಬಾದ್ ಎನಿಸಿತು) ನೆಲದೊಳಗಿನ ಕಾಲುವೆಗಳಿಂದ ನೀರು ತಂದನು. ಕೊಳವೆಬಾವಿಯ ನೀರಿಗೆ ಕಾಯುವ ನಮ್ಮ ಹುಡುಗರಿಗೆ ಯುದ್ಧಕ್ಕಿಂತ ಈ ಕಾಲುವೆಯೇ ಹೆಚ್ಚು ರುಚಿಸಿತು!

ನಮ್ಮ ನಾಡಿನಲ್ಲಿಯೇ, ಯಶವಂತಪುರದಲ್ಲಿ ರೈಲು ಹತ್ತಿ ಹುಬ್ಬಳ್ಳಿಯಲ್ಲಿಳಿದು ಘಟ್ಟದ ಕಡೆಗೆ ಹೋದರೆ, ಯಲ್ಲಾಪುರ ಹಳಿಯಾಳಗಳ ಕಾಡುಗಳಲ್ಲಿ ಸಿದ್ದಿ ಜನರಿದ್ದಾರೆ. ಅವರಲ್ಲಿ ಹಿಂದುಗಳೂ ಮುಸಲ್ಮಾನರೂ ಕ್ರೈಸ್ತರೂ ಉಂಟು. ಹಳೆಯ ಬಟ್ಟೆಯ ತುಂಡುಗಳನ್ನು ಕೂಡಿಸಿ ಅವರ ಹೆಂಗಸರು ಹೊಲಿಯುವ ಕವದಿಗಳು ಬಹು ಅಂದವಾದವು. 2020ರಲ್ಲಿ ಅವರೊಳಗಿನ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿನ ಸದಸ್ಯರಾದರು. ಇಷ್ಟನ್ನು ತಿಳಿಸಿದ ಮೇಲೆಯೇ, ಅವರ ಹಿರಿಯರಲ್ಲಿ ಬಹುಮಂದಿಯನ್ನು ಪೋರ್ತುಗೀಜರು ದಾಸರನ್ನಾಗಿ ಗೋವೆಗೆ ತಂದರೆಂದೂ, ತಪ್ಪಿಸಿಕೊಂಡವರು ಅರಣ್ಯ ಸೇರಿದರೆಂದೂ ಹೇಳಿದೆವು.

ಆಗ ಒಬ್ಬ ಹುಡುಗಿ ಎದ್ದು, "ಮೇಷ್ಟ್ರೇ, ಕೊಂಡುಕೊಂಡವರು ಯಾರು?" ಎಂದು ಕೇಳಿದಳು.

ನಮ್ಮ ನಾಲಿಗೆ ತಡೆಯಿತು. ಅರಬ ವರ್ತಕರ ಹೆಸರನ್ನು ಮಾತ್ರ ಹೇಳಿ ಮುಗಿಸುವ ಶೋಧನೆ ನಮಗುಂಟಾಯಿತು. ಆದರೆ ಗೋವೆಯಲ್ಲಿ ಕೊಂಡ ಪೋರ್ತುಗೀಜರು ಕ್ರಿಸ್ತನ ಹೆಸರನ್ನು ಹೇಳುವವರು. ದಾಸರಿಗೆ ದೀಕ್ಷಾಸ್ನಾನ ಮಾಡಿಸಿ ದಾಸರಾಗಿಯೇ ಇಟ್ಟುಕೊಂಡರು. ಅವರು ರೋಮನ್ ಸಭೆಯವರೆಂದು ಜಾರಿಕೊಳ್ಳೋಣವೆಂದರೆ, ಅಮೆರಿಕದ ಹತ್ತಿಯ ತೋಟಗಳ ಧಣಿಗಳಲ್ಲಿ ನಮ್ಮಂಥ ಪ್ರೊಟೆಸ್ಟೆಂಟರೇ ಬಹುಮಂದಿ. ಅದನ್ನೂ ಹೇಳಿದೆವು.

ಮಕ್ಕಳು ಸುಮ್ಮನಿದ್ದರು. ಆ ಹುಡುಗಿ ಮಾತ್ರ, "ಅವರೂ ಭಾನುವಾರ ಆರಾಧನೆಗೆ ಹೋಗುತ್ತಿದ್ದರೇ?" ಎಂದಳು.

ಹೋಗುತ್ತಿದ್ದರು ಎಂದೆವು.